ಐದು ಮಾತಿನ ಇಂಟ್ರೂ

ಒಂದು ಕಾಲಕ್ಕೆ ಕೊಟ್ಟೂರಿನಲ್ಲಿ ಒಂದು ರಾಜ್ಯ ಇತ್ತಂತೆ. ರಾಜ್ಯವೆಂದರೆ ಏಳು ಸುತ್ತಿನ ಕೋಟೆ ಅಂತ ತಿಳಿಯಬೇಡಿ. ಒಂದು ಮಂಡಕ್ಕಿ ಭಟ್ಟಿ, ಅದರ ಬೆನ್ನಿಗೆ ಹೊಗೆ ಕುಡಿದು ಕಪ್ಪಾದ ಮನೆ, ಮನೆಯ ಮುಂದೆ ಒಂದು ಕಲ್ಲುಕಟ್ಟೆ. ಅಲ್ಲಿ ರಾಜಮಾತೆ ಇದ್ದಳು, ರಾಜ ಇದ್ದ, ರಾಣಿ ಇದ್ದಳು, ನೌಕರಿ ಹುಡುಕುತ್ತ ದಿಕ್ಕುದಿಕ್ಕಿಗೆ ಹೋಗಿ ಬರುವ ರಾಜಕುಮಾರನೂ ಇದ್ದ. ರಾಣಿಗೆ ಮಕ್ಕಳಾಗಲಿಲ್ಲ. ಅಜ್ಜಿಯರು ಹೇಳುವ ಕಥೆಯಾಗಿದ್ದರೆ ಇಷ್ಟೊತ್ತಿಗೆ ಒಬ್ಬ ಜಂಗಮಯ್ಯ ಬಂದು ರಾಣಿಯ ಅಂಗೈಗೆ ಮಾವಿನಹಣ್ಣು ಹಾಕಿ ಮಾಯವಾಗಬೇಕು. ಕೊಟ್ಟೂರಿನ ಈ ಮನೆಗೂ ಜಂಗಮಯ್ಯ ಬರುತ್ತಿದ್ದ. ಜೋಳಿಗೆಗೆ ಜೋಳ ಹಾಕಿಸಿಕೊಂಡು, “ಇನ್ನೂ ಮಕ್ಕಳಾಗಲಿಲ್ಲೇನವಾ?” ಅಂತ ಕೇಳಿ ಮುಂದಿನ ಮನೆಗೆ ಹೋಗುತ್ತಿದ್ದ.

ರಾಣಿಯ ಹೆಸರು ಭಾಗ್ಯ. ಹರಪನಹಳ್ಳಿಯಿಂದ ಬಂದವಳು. ಬಂದು ಒಂಬತ್ತು ವರ್ಷವಾಗಿತ್ತು. ಊರಿಗೆ ಹೊಸದಾಗಿ ಎಸ್‌ಟಿಡಿ ಬೂತು ಬಂದು, ಅದರ ಮುಂದೆ ಮಂದಿ ಸಾಲು ಹಚ್ಚಿ ನಿಲ್ಲುತ್ತಿದ್ದ ಕಾಲ. ಆ ವರ್ಷ ದೀಪಾವಳಿ ಮುಗಿದ ವಾರ ರಾಜಮಾತೆ ನಾಗಲಿಂಗಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕುಂತಳು. ಒಳಗೆ ಬಂದು ಕೂರುವ ಹೆಂಗಸಲ್ಲ ಆಕೆ, ಹೊರಗೆ ಉಳಿಯುವವಳೂ ಅಲ್ಲ. ಭಾಗ್ಯ ರೊಟ್ಟಿ ಬಡಿಯುತ್ತಿದ್ದಳು. ಅವಳ ಗಂಡ ಸೋಮಶೇಖರ್ ಮತ್ತು ಅವನ ತಮ್ಮ ಅರುಣಕುಮಾರ್ ಊಟಕ್ಕೆ ಕುಂತಿದ್ದರು.

“ಸೋಮ್ಯಾಗ ಇನ್ನೊಂದು ಮದಿವಿ ಮಾಡ್ತೀವಿ” ಅಂದಳು ನಾಗಲಿಂಗಮ್ಮ. “ಪಲ್ಯಾಕ ಉಪ್ಪು ಕಡಿಮಿ ಆಗೇತಿ.”

ಎರಡೂ ಮಾತನ್ನು ಒಂದೇ ದನಿಯಲ್ಲಿ ಹೇಳಿದಳು. ಭಾಗ್ಯ ಉಪ್ಪಿನ ಗಡಿಗೆ ಮುಂದೆ ಸರಿಸಿದಳು.

“ಯವ್ವಾ, ಮೊದಲ್ನೇಕಿ ಇರಂಗ ಎರಡನೇ ಮದಿವಿ ಕಾನೂನಿನ್ಯಾಗ ನಡಿಯಂಗಿಲ್ಲ” ಅಂದ ಅರುಣಕುಮಾರ್, ಬಾಯ್ತುಂಬ ರೊಟ್ಟಿ ಇಟ್ಟುಕೊಂಡು.

“ಕಾನೂನು ಬಳ್ಳಾರ್ಯಾಗ ಇರ್ತತಿ. ಇಲ್ಲಿ ಇರೋದು ಊರು. ನೀ ಉಣ್ಣು.” ನಾಗಲಿಂಗಮ್ಮ ಸೊಸೆಯ ಕಡೆ ತಿರುಗಿದಳು. “ನಾ ಏನು ಕಟುಕಳಲ್ಲ ಭಾಗ್ಯ. ನಿನ್ನ ಹೊರಗ ಹಾಕಂಗಿಲ್ಲ. ಹುಡಿಗೀನ ನೀನ ನೋಡು, ನೀನ ಕೇಳು, ನೀನ ಆರಿಸು. ನೀ ಆರಿಸಿದಾಕಿ ನಿನ್ನ ಕೈಕೆಳಗ ಇರ್ತಾಳ. ಒಲಿ ನಿಂದು, ಉಗ್ರಾಣದ ಕೀಲಿಕೈ ನಿಂದು. ನನ್ನ ಕೈಯಾರ ಅಕಿ ಉಡಿ ತುಂಬ್ತೀನಿ ಅಂತ ದೇವರ ಜಗಲಿ ಮುಂದ ನಿಂತು ಮಾತು ಕೊಡು.”

“ಕೊಡಲಿಲ್ಲಂದ್ರರಿ ಅತ್ತಿ?”

“ಹರಪನಹಳ್ಳಿ ಬಸ್ಸು ಮುಂಜಾನಿ ಆರಕ್ಕ ಐತಿ.”

ಸೋಮಶೇಖರ್ ತಾಟಿನಿಂದ ತಲೆ ಎತ್ತಲಿಲ್ಲ. ಶೇಂಗಾ ಚಟ್ನಿಯನ್ನು ಬೆರಳಿನಲ್ಲಿ ತೀಡಿ ತೀಡಿ ಒಂದು ಗುಡ್ಡೆ ಮಾಡಿದ, ಮತ್ತೆ ಹರವಿದ. ಭಾಗ್ಯ ಕೈಗಂಟಿದ ಹಿಟ್ಟನ್ನು ಉಜ್ಜಿಕೊಂಡು ಎದ್ದು ಜಗಲಿಯ ಮುಂದೆ ಹೋಗಿ ನಿಂತು ಮಾತು ಕೊಟ್ಟಳು. ಬಂದು ನೋಡಿದರೆ ಹಂಚಿನ ಮೇಲೆ ರೊಟ್ಟಿ ಸೀದಿತ್ತು. ಸೀದ ರೊಟ್ಟಿ ಅವಳ ಪಾಲಿಗೇ ಬಂತು.

ಆ ಸಂಜೆ ಭಟ್ಟಿಯ ಹತ್ತಿರ ಅವಳು ಗಂಡನನ್ನು ಕೇಳಿದಳು. ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು.

“ಎಂಥಾಕಿ ಬೇಕ್ರಿ ನಿಮಗ?”

“ನನ್ನ ಏನ್ ಕೇಳ್ತಿ? ನೀ ನೋಡಿದ್ದ ಆತು.”

“ಆದ್ರೂ.”

ಸೋಮಶೇಖರ್ ಜಾಲರಿಯನ್ನು ಎರಡು ಸಲ ಒದರಿದ. ಮಂಡಕ್ಕಿ ಬುಟ್ಟಿಗೆ ಬಿತ್ತು. “ಸ್ವಲ್ಪ ತೆಳ್ಳಗ ಇದ್ರ ಚಲೋ” ಅಂದ.

*

ಇಂಟ್ರೂ ಅನ್ನುವ ಮಾತನ್ನು ಆ ಮನೆಗೆ ತಂದವನು ಅರುಣಕುಮಾರ್. ಬಿ.ಕಾಂ. ಪಾಸಾಗಿ ಮೂರು ವರ್ಷದಿಂದ ಅವನು ಇಂಟರ್ವ್ಯೂಗಳಿಗೆ ಹೋಗುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗುವುದು, ಬೆವರಿನ ಗೆರೆ ಬಿದ್ದ ಅಂಗಿಯಲ್ಲಿ ಬರುವುದು. ಆ ಅಂಗಿಯನ್ನು ಒಗೆಯುವವಳು ಭಾಗ್ಯ.

“ಅತ್ತಿಗಿ, ನೀವೀಗ ಇಂಟರ್ವ್ಯೂ ಬೋರ್ಡಿನ ಮೆಂಬರ್ರು” ಅಂದ ಅವನು, ಬಚ್ಚಲ ಕಲ್ಲಿನ ಮೇಲೆ ಅಂಗಿ ಹಾಕುತ್ತ. “ಹೆಂಗ ಕೇಳ್ಬೇಕು ನನ್ನ ಕೇಳ್ರಿ. ಮೊದ್ಲ ಹೆಸರು ಕೇಳ್ಬೇಕು. ಕೈಯಾಗಿನ ಕಾಗದದಾಗ ಬರದಿರ್ತತಿ, ಆದ್ರೂ ಕೇಳ್ಬೇಕು.”

“ಗೊತ್ತಿದ್ದದ್ದು ಯಾಕ ಕೇಳೋದು?”

“ನಡುಗ್ಸಾಕ. ತನ್ನ ಹೆಸರು ತಾ ಹೇಳೋವಾಗ ಮನಷಾ ಹೆಂಗ ನಡುಗ್ತಾನ ಅಂತೀರಿ! ಮೊನ್ನೆ ಬಳ್ಳಾರ್ಯಾಗ ಒಬ್ಬಾತ, ಕನ್ನಡಕ ಇಳಿಸಿ, ‘ಅರುಣ ಅಂದ್ರ ಏನಪ್ಪಾ?’ ಅಂದ. ಸೂರ್ಯ ಅಂದೆ. ‘ಮತ್ತ ಇಷ್ಟು ಕರ್ರಗ ಅದೀಯಲ್ಲೋ’ ಅಂದ. ಮೂರೂ ಮಂದಿ ನಕ್ಕರು. ನಾನೂ ನಕ್ಕೆ.”

“ನೀ ಯಾಕ ನಕ್ಕಿ?”

“ನಗಲಿಲ್ಲಂದ್ರ ಮಾರ್ಕ್ಸು ಹೋಗ್ತಾವ.”

ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದ ನಾಗಲಿಂಗಮ್ಮನ ಕಿವಿ ಇತ್ತಲೇ ಇತ್ತು. “ಇಂಟ್ರೂ ಅಂದ್ರ ಇಷ್ಟನ? ನಮ್ಮದೂ ಇಂಟ್ರೂನ ಹಂಗಾರ” ಅಂದಳು. ಮರುದಿನ ಕೂಡ್ಲಿಗಿಯಿಂದ ಆಕೆಯ ತಂಗಿ ತಿಪ್ಪೇರುದ್ರಮ್ಮ ಬಂದಳು. ಸಂಬಂಧ ಕುದುರಿಸುವುದರಲ್ಲಿ ಹೆಸರಾದವಳು. ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ. ಭಾಗ್ಯಳ ಜೊತೆ ಊರೂರಿಗೆ ಹೋಗುವವಳು ಇವಳೇ ಅಂತಾಯಿತು. ಅಕ್ಕ ತಂಗಿ ಕುಂತು ಐದು ಮಾತು ಕಟ್ಟಿದರು. ಭಾಗ್ಯ ಅವನ್ನು ಬಾಯಿಪಾಠ ಮಾಡಬೇಕು, ಯಾವ ಮನೆಗೆ ಹೋದರೂ ಐದೇ ಕೇಳಬೇಕು.

“ಒಂದು, ನಿಮ್ಮವ್ವ ಎಷ್ಟು ಮಂದೀನ ಹಡದಾಳ? ಎರಡು, ತಿಂಗಳಾ ತಿಂಗಳಾ ಸರಿಯಾಗಿ ಮುಟ್ಟಾಗ್ತಿಯೇನು? ಮೂರು, ಹತ್ತು ಮಂದಿಗೆ ರೊಟ್ಟಿ ಬಡಿಯಾಕ ಎಷ್ಟು ಹಿಟ್ಟು ತಗೊಂತಿ? ನಾಕು, ಗಂಡ ಸಿಟ್ಟಿಗೆದ್ದು ಒಂದು ಏಟು ಹಾಕಿದ್ರ ಏನ್ ಮಾಡ್ತಿ? ಐದು, ಮನ್ಯಾಗ ಯಾರ ಮಾತು ಕೇಳ್ತಿ?” ಅಂತ ನಾಗಲಿಂಗಮ್ಮ ಬೆರಳು ಮಡಚಿದಳು. “ಹೇಳು ನೋಡಾಮು.”

ಭಾಗ್ಯ ಹೇಳಿದಳು. ಎರಡನೆಯದಕ್ಕೆ ಬಂದಾಗ ನಾಲಿಗೆ ತೊದಲಿತು.

“ಅದನ್ನ ಗಟ್ಟಿಯಾಗಿ ಕೇಳ್ಬೇಕು. ನಿನ್ನ ಕೇಳದ ತಂದು ಕೆಟ್ವಿ” ಅಂದಳು ತಿಪ್ಪೇರುದ್ರಮ್ಮ.

*

ಮೊದಲ ಹುಡುಗಿ ಹರಪನಹಳ್ಳಿ ಕಡೆಯ ಅರಸೀಕೆರೆಯವಳು. ಅವಳ ತಾಯಿ ಈರಕ್ಕ ಬಾಗಿಲಿಗೆ ಬಂದು, “ಬರ್ರಿ ಅಕ್ಕಾರ, ಬರ್ರಿ” ಅಂತ ಪಕ್ಕದ ಮನೆಯಿಂದ ಎರವು ತಂದ ಕುರ್ಚಿಯನ್ನು ಸೆರಗಿನಿಂದ ಒರೆಸಿ ಹಾಕಿದಳು. ಭಾಗ್ಯ ಹಿಂದೆ ಮುಂದೆ ನೋಡಿದಳು. ಆ ಕುರ್ಚಿ ತನಗೇ. ಒಂಬತ್ತು ವರ್ಷದಲ್ಲಿ ಯಾರೂ ಅವಳಿಗಾಗಿ ಎದ್ದು ನಿಂತವರಿಲ್ಲ. ಇಲ್ಲಿ ಹುಡುಗಿ ನಿಂತಿದ್ದಳು, ಹುಡುಗಿಯ ತಾಯಿ ನಿಂತಿದ್ದಳು, ಹುಡುಗಿಯ ಅಪ್ಪ ತಲೆಯ ಟವೆಲ್ಲು ತೆಗೆದು ಕಂಬಕ್ಕೆ ಒರಗಿ ನಿಂತಿದ್ದ. ಒಳಗೊಳಗೇ ಒಂದು ಬೆಚ್ಚನೆಯದು ಏರಿ ಬಂತು.

“ಕೇಳ್ರಿ ಅಕ್ಕಾರ, ಏನ್ ಬೇಕಾದ್ರೂ ಕೇಳ್ರಿ” ಅಂದಳು ಈರಕ್ಕ.

ಭಾಗ್ಯ ಕೇಳಿದಳು. ಎರಡನೆಯದಕ್ಕೆ ಹುಡುಗಿ ಅಪ್ಪನ ಕಡೆ ನೋಡಿ, ನೆಲ ನೋಡಿ, ಕೇಳಿಸದ ಹಾಗೆ “ಹೂಂನ್ರಿ” ಅಂದಳು.

“ಏನಂದಿ?”

“ಹೂಂನ್ರಿ.”

“ಜೋರಾಗಿ ಹೇಳವಾ. ಸರಿಯಾಗಿ ಆಗ್ತಿಯೋ ಇಲ್ಲೋ?”

ಹುಡುಗಿಯ ಕಣ್ಣು ತುಂಬಿದವು. ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ತಿರುಗಿ ಬರುವ ಬಸ್ಸಿನಲ್ಲಿ ತಿಪ್ಪೇರುದ್ರಮ್ಮ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು: “ಮತ್ತ ಮತ್ತ ಯಾಕ ಕೇಳ್ದಿ?”

“ಕೇಳಿಸ್ಲಿಲ್ಲರಿ ಚಿಕ್ಕತ್ತಿ.”

“ನನ್ನ ಮುದಿ ಕಿವಿಗೆ ಕೇಳಿಸ್ತು, ನಿನಗ ಕೇಳಿಸ್ಲಿಲ್ಲ!” ಮುದುಕಿ ಹೊಟ್ಟೆ ಕುಣಿಸಿ ನಕ್ಕಳು. “ಕಲಿತಿ ಬಿಡು. ರುಚಿ ಹತ್ತೇತಿ ನಿನಗ.”

ಭಾಗ್ಯ ಕಿಟಕಿಯ ಕಡೆ ಮುಖ ತಿರುಗಿಸಿದಳು. ರುಚಿ ಹತ್ತಿದ್ದು ಸುಳ್ಳಲ್ಲ. ತನ್ನನ್ನು ಕೇಳುತ್ತ ಬಂದವರ ಮುಖವೆಲ್ಲ ನೆನಪಾಯಿತು, ಬೀಗರು, ನೆರೆಯವರು, ನೀರಿನ ನಲ್ಲಿಯ ಹತ್ತಿರದವರು, ಜೋಳಿಗೆಯ ಜಂಗಮಯ್ಯ. ಅವರಿಗೆಲ್ಲ ಏನು ಸಿಗುತ್ತಿತ್ತು ಅನ್ನುವುದು ಇವತ್ತು ಗೊತ್ತಾಗಿತ್ತು. ಕೇಳುವವಳಿಗೆ ಕುರ್ಚಿ ಸಿಗುತ್ತದೆ.

ಅರಸೀಕೆರೆಯ ಹುಡುಗಿಯನ್ನು ನಾಗಲಿಂಗಮ್ಮ ಒಂದೇ ಮಾತಿಗೆ ಬಿಟ್ಟಳು: “ಅವ್ವಗ ನಾಕೂ ಹೆಣ್ಣು. ಬ್ಯಾಡ.”

ಎರಡನೆಯದು ಬಾಗಳಿ. ಅಲ್ಲಿಯ ಹುಡುಗಿಗೆ ಎಡಗಾಲು ಚೂರು ಎಳೆಯುತ್ತಿತ್ತು. ಮನೆಯವರು ಅವಳನ್ನು ಮೊದಲೇ ಕೂರಿಸಿ ಇಟ್ಟಿದ್ದರು. ಭಾಗ್ಯ ಐದು ಮಾತು ಕೇಳಿ ಸುಮ್ಮನಾಗಲಿಲ್ಲ. “ಬಾಯಾರಿಕಿ ಆಗೇತಿ. ಬಾವಿಯಿಂದ ಒಂದು ಕೊಡ ತಣ್ಣೀರು ತಗೊಂಬಾರವಾ” ಅಂದಳು. ಕೇರಿಯ ಮಂದಿಯೆಲ್ಲ ನೋಡುತ್ತಿದ್ದಂತೆ ಹುಡುಗಿ ಕೊಡ ಹೊತ್ತು ಕಾಲೆಳೆಯುತ್ತ ಬಂದಳು. ಭಾಗ್ಯ ಒಂದು ಗುಟುಕು ಕುಡಿದು ಲೋಟ ಇಟ್ಟಳು.

ಆ ವಾರ ಮನೆಯಲ್ಲೂ ಅವಳ ನಡಿಗೆ ಬೇರೆಯಾಯಿತು. ಮಂಡಕ್ಕಿ ಚೀಲ ಹೊಲಿಯಲು ಬರುತ್ತಿದ್ದ ಸುಂಕಮ್ಮನನ್ನು ನಿಲ್ಲಿಸಿ, “ಯಾಕ ತಡ? ಎಲ್ಲಿಗೆ ಹೋಗಿದ್ದಿ? ಯಾರ ಜೋಡಿ ನಿಂತಿದ್ದಿ?” ಅಂತ ಕೇಳಿದಳು. ಸುಂಕಮ್ಮ ಸೂಜಿ ಹಲ್ಲಿನಲ್ಲಿ ಕಚ್ಚಿಕೊಂಡು ಅವಳನ್ನೇ ನೋಡಿದಳು. “ಅಕ್ಕಾ, ನಿಮಗ ಯಾರಾದ್ರೂ ಏನಾರ ಅಂದ್ರೇನು?” ಅಂದಳು. ಭಾಗ್ಯ ಉತ್ತರ ಕೊಡದೆ ಒಳಗೆ ಹೋದಳು. ಕೇಳುವವರು ಉತ್ತರ ಕೊಡುವುದಿಲ್ಲ.

*

ಮೂರನೆಯದು ಹಿರೇಹಡಗಲಿ. ಹುಡುಗಿಯ ಹೆಸರು ಕೊಟ್ರಮ್ಮ, ಅಪ್ಪನಿಲ್ಲದವಳು, ಹೊಲಿಗೆ ಮಿಷನ್ ತುಳಿದು ತಾಯಿಯನ್ನು ಸಾಕುವವಳು. ನಾಲ್ಕನೇ ಮಾತು ಕೇಳಿದಾಗ ಕೈಯಲ್ಲಿದ್ದ ಕತ್ತರಿಯನ್ನು ಮಡಿಲಿನಲ್ಲಿ ಇಟ್ಟುಕೊಂಡು ನಕ್ಕುಬಿಟ್ಟಳು.

“ಯಾವ ಕೈಲೆ ಹೊಡಿತಾನ ಅನ್ನೋದರ ಮ್ಯಾಲ ಐತ್ರಿ. ಅಕ್ಕಾರ, ನೀವು ಕೇಳಿದ್ದೆಲ್ಲ ಹೇಳ್ದೆ. ನಂದೊಂದು ಕೇಳ್ಲೇನು?”

ತಿಪ್ಪೇರುದ್ರಮ್ಮ, “ಹುಡಿಗ್ಯಾರು ಕೇಳಂಗಿಲ್ಲ” ಅಂದಳು.

“ಕೇಳ್ಲಿ ಬಿಡ್ರಿ” ಅಂದಳು ಭಾಗ್ಯ.

“ನಿಮ್ಮನ್ನ ಡಾಕ್ಟರ್ ಹಂತ್ಯಾಕ ಕರ್ಕೊಂಡು ಹೋಗ್ಯಾರ?”

“ದಾವಣಗೆರಿಗೆ. ಎರಡು ಸಲ.”

“ಏನಂದ್ರು?”

“ನನಗೇನೂ ಇಲ್ಲ ಅಂದ್ರು.”

“ನಿಮ್ಮನಿಯವರ್ನ?”

ಕೊಟ್ರಮ್ಮನ ಕಾಲು ತಾಗಿ ಮಿಷನ್ನಿನ ಗಾಲಿ ಅರ್ಧ ಸುತ್ತು ತಿರುಗಿ ನಿಂತಿತು. ತಿಪ್ಪೇರುದ್ರಮ್ಮ ಎದ್ದು ಸೀರೆ ಝಾಡಿಸಿದಳು. ಭಾಗ್ಯ ಕುರ್ಚಿಯಿಂದ ಏಳಲಿಲ್ಲ. ಎಷ್ಟೋ ದಿನದ ಮೇಲೆ ಯಾರೋ ಅವಳನ್ನು ತಿಳಿದುಕೊಳ್ಳುವುದಕ್ಕಾಗಿ ಕೇಳಿದ್ದರು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದಳು: “ಅತ್ತಿ, ನನಗ ಹಿರೇಹಡಗಲಿ ಹುಡಿಗಿ ಒಪ್ಪಿಗಿ.”

ನಾಗಲಿಂಗಮ್ಮ ತಂಗಿಯ ಮುಖ ನೋಡಿದಳು. ತಂಗಿ ಅಂಗಳಕ್ಕೆ ಹೋಗಿ ಎಲೆಯ ರಸ ಉಗುಳಿ ಬಂದಳು.

“ಅಕಿಗೆ ನಾಲಿಗಿ ಉದ್ದ ಅಂತ” ಅಂದಳು ನಾಗಲಿಂಗಮ್ಮ.

“ನಾ ಆರಿಸ್ಬೇಕು ಅಂದಿದ್ರಿ.”

“ಆರಿಸು. ಬ್ಯಾಡ ಅಂದೋರ್ಯಾರು? ಇನ್ನೊಂದು ಮನಿ ಉಳದೈತಿ, ಕೂಡ್ಲಿಗಿದು. ನಿನ್ನ ಚಿಕ್ಕತ್ತಿ ಓಣಿ ಮಂದಿ. ಅದನ್ನೂ ನೋಡಿ ಆರಿಸು. ಒಂದು ಮನಿ ಬಿಟ್ರ ಮಂದಿ ಏನಂತಾರ?”

ಅರುಣಕುಮಾರ್ ಕಟ್ಟೆಯ ಮೇಲೆ ಕುಂತು ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದವನು ಬಾಯಿಗೆ ಹೋಗುತ್ತಿದ್ದ ಕೈ ನಿಲ್ಲಿಸಿದ. ಏನೋ ಹೇಳುವ ಹಾಗಿತ್ತು. ಮೆಣಸಿನಕಾಯಿ ಕಡಿದ.

*

ಕೂಡ್ಲಿಗಿಯ ಮನೆ ದೊಡ್ಡದು. ತಿಪ್ಪೇರುದ್ರಮ್ಮ ಹೊಸ್ತಿಲು ದಾಟುವಾಗ ಕೇಳಿಕೊಳ್ಳಲಿಲ್ಲ, ನೇರ ಒಳಗೆ ಹೋಗಿ ತಾನೇ ಚಹಾಕ್ಕೆ ಹೇಳಿದಳು. ಪಡಸಾಲೆಯಲ್ಲಿ ಹುಡುಗಿಯ ಅಪ್ಪ, ಅಣ್ಣಂದಿರು, ಇಬ್ಬರು ಹಿರಿಯರು ಕುಂತಿದ್ದರು. ಹುಡುಗಿ ಗೀತಾಂಜಲಿ ಜರಿಯಂಚಿನ ಸೀರೆ ಉಟ್ಟು ಚಾಪೆಯ ಮೇಲೆ ಕುಂತಿದ್ದಳು. ಹದಿನೆಂಟು ಇರಬಹುದು. ತೆಳ್ಳಗಿದ್ದಳು. ತುಟಿ ಸಣ್ಣಗೆ ಅಲುಗುತ್ತಿತ್ತು, ಪರೀಕ್ಷೆಗೆ ಹೋಗುವ ಮಕ್ಕಳದು ಅಲುಗುತ್ತದಲ್ಲ, ಹಾಗೆ.

“ನಿಮ್ಮವ್ವ ಎಷ್ಟು ಮಂದೀನ ಹಡದಾಳವಾ?”

“ಆರು ಮಂದೀನ್ರಿ. ನಾಕು ಗಂಡು, ಎರಡು ಹೆಣ್ಣು. ಎಲ್ಲಾರೂ ಅದಾರ್ರಿ.”

ಮುಂದಿನದಕ್ಕೆ ಭಾಗ್ಯ ಬಾಯಿ ತೆರೆದಳು. ಎದುರಿಗೆ ಹುಡುಗಿಯ ಎಳೆಯ ತಮ್ಮ ಅಕ್ಕನ ಸೆರಗು ಹಿಡಿದು ನಿಂತಿದ್ದ. ಬಾಗಳಿಯ ಬಾವಿ ನೆನಪಾಯಿತೋ, ಹಿರೇಹಡಗಲಿಯ ಮಿಷನ್ ನೆನಪಾಯಿತೋ, ಇಷ್ಟು ಗಂಡಸರ ನಡುವೆ ಆ ಮಾತು ಬೇಡವೆನಿಸಿತು. ಎರಡನೆಯದನ್ನು ಬಿಟ್ಟು ಮೂರನೆಯದನ್ನು ಕೇಳಿದಳು.

“ಹತ್ತು ಮಂದಿಗೆ ರೊಟ್ಟಿ ಬಡಿಯಾಕ ಎಷ್ಟು ಹಿಟ್ಟು ತಗೊಂತಿ?”

“ಹೂಂನ್ರಿ, ತಿಂಗಳಾ ತಿಂಗಳಾ ತಪ್ಪಂಗಿಲ್ಲರಿ.”

ಪಡಸಾಲೆಯಲ್ಲಿ ಯಾರೋ ಕೆಮ್ಮಿದರು. ತಿಪ್ಪೇರುದ್ರಮ್ಮ ಎಲೆ ಅಗಿಯುವುದನ್ನು ನಿಲ್ಲಿಸಿದಳು.

“ಹಿಟ್ಟು ಕೇಳಿದ್ನವಾ” ಅಂದಳು ಭಾಗ್ಯ ಮೆಲ್ಲಗೆ.

ಹುಡುಗಿಯ ಕಣ್ಣು ತಿಪ್ಪೇರುದ್ರಮ್ಮನನ್ನು ಹುಡುಕಿದವು. ಭಾಗ್ಯಳಿಗೆ ಆಗ ಅನುಮಾನ ಬಂತು. ಕುರ್ಚಿಯಲ್ಲಿ ನೆಟ್ಟಗೆ ಕುಂತು ಮುಂದಿನದನ್ನು ಕೇಳಿದಳು, ಒಂದೊಂದೇ ಶಬ್ದ ಬಿಡಿಸಿ.

“ಗಂಡ ಸಿಟ್ಟಿಗೆದ್ದು ಒಂದು ಏಟು ಹಾಕಿದ್ರ ಏನ್ ಮಾಡ್ತಿ?”

“ಎರಡು ಸೇರ್ರಿ” ಅಂದಳು ಗೀತಾಂಜಲಿ, ಬೆವರುತ್ತ. “ಮಂದಿ ಹೆಚ್ಚು ಬಂದ್ರ ಎರಡೂವರಿ.”

ಅಣ್ಣಂದಿರಲ್ಲಿ ಒಬ್ಬ ಪಕ್ಕನೆ ನಕ್ಕ. ಅಪ್ಪ ಅವನ ತೊಡೆಗೆ ಹೊಡೆದ. ತಿಪ್ಪೇರುದ್ರಮ್ಮ, “ಹುಡಿಗಿ ಹೆದರ್ಯಾಳ ಪಾಪ! ಸಾಕು ಬಿಡು ಭಾಗ್ಯ, ಎಷ್ಟು ಅಂತ ಕೇಳ್ತಿ? ಚಹಾ ಬಂತು ನೋಡು” ಅಂತ ಎದ್ದಳು. ಐದನೆಯದನ್ನು ಕೇಳುವ ಪ್ರಸಂಗವೇ ಬರಲಿಲ್ಲ. ಚಹಾ ಬಲು ಸಿಹಿಯಾಗಿತ್ತು.

*

ಅವತ್ತಿನ ಊಟಕ್ಕೆ ಭಾಗ್ಯ ಬಡಿಸಲಿಲ್ಲ. ಅನ್ನದ ಬೋಗುಣಿಯನ್ನು ನಡುಮನೆಯಲ್ಲಿ ಇಟ್ಟು ಗೋಡೆಗೆ ಒರಗಿ ನಿಂತಳು.

“ಅಕಿಗೆ ನನ್ನ ಮಾತು ಯಾರು ಹೇಳಿಕೊಟ್ರು?”

“ಯಾವ ಮಾತು?” ಅಂದಳು ನಾಗಲಿಂಗಮ್ಮ.

“ಐದೂ. ಸಾಲ್ಹಿಡಿದು. ಒಂದು ಬಿಟ್ಟು ಕೇಳಿದ್ರ ಎಲ್ಲಾ ಉತ್ತರ ಒಂದೊಂದು ಮನಿ ಹಿಂದಕ್ಕ ಬಂದ್ವು.”

ಅರುಣಕುಮಾರನಿಗೆ ನಗೆ ತಡೆಯಲಾಗಲಿಲ್ಲ. “ಪೇಪರ್ ಲೀಕ್!” ಅಂದ. ಅಣ್ಣನ ಮುಖ ನೋಡಿ ತಾಟಿನ ಕಡೆ ಬಾಗಿದ.

“ನಿನಗ ಗೊತ್ತಿತ್ತೇನು ಅರುಣಾ?”

“ಗೊತ್ತಿರಲಿಲ್ಲ ಅತ್ತಿಗಿ. ಅನಮಾನ ಇತ್ತು.” ಅವನು ಬೆರಳಿನಿಂದ ತಾಟಿನ ಅಂಚು ಉಜ್ಜಿದ. “ಬಳ್ಳಾರ್ಯಾಗೂ ಹಿಂಗ ಆತು. ಅಧ್ಯಕ್ಷರ ಅಳಿಯ ಮೊದ್ಲ ಆರಿಸಿ ಬಂದಿದ್ದ. ನಮ್ಮನ್ನ ಎಪ್ಪತ್ತು ಮಂದೀನ ಬಿಸಲಾಗ ನಿಂದ್ರಿಸಿ ಕೇಳಿದ್ರು. ನಾವು ಹೋಗ್ಲಿಲ್ಲಂದ್ರ ಅವನು ಆರಿಸಿ ಬಂದ ಅನ್ನಾಕ ಬರಂಗಿಲ್ಲಲ್ಲ.”

“ಹಂಗಾರ ನಾ ಹೋಗಿದ್ದು?”

“ನೀನು ಹೋಗ್ಬೇಕಿತ್ತು” ಅಂದಳು ನಾಗಲಿಂಗಮ್ಮ. ಬೋಗುಣಿಯನ್ನು ತನ್ನ ಕಡೆ ಎಳೆದುಕೊಂಡು ಮಗನಿಗೆ ಅನ್ನ ಹಾಕಿದಳು. “ಹೌದು, ಮಾತಾಗಿತ್ತು. ಶ್ರಾವಣದಾಗನ ಆಗಿತ್ತು. ನಿನ್ನ ಚಿಕ್ಕತ್ತಿ ಮೈದುನನ ಮೊಮ್ಮಗಳು ಅಕಿ. ಗಂಡು ಹಡಿಯೋ ವಂಶ. ಏನೀಗ?”

“ನಾನು ಆರಿಸಿದಾಕಿ ನನ್ನ ಕೈಕೆಳಗ ಇರ್ತಾಳ ಅಂದ್ರಿ.”

“ನೀನು ಆರಿಸಿದಂಗ ಆತಲ್ಲ.”

“ನಾ ಆರಿಸ್ಲಿಲ್ಲ! ನಾ ಠಾಣೇಕ ಹೋಗ್ತೀನಿ. ಕೋರ್ಟಿಗೆ ಹೋಗ್ತೀನಿ.”

ನಾಗಲಿಂಗಮ್ಮ ಸಾರು ಹಾಕಿದಳು, ತುಪ್ಪ ಹಾಕಿದಳು. ಅವಸರ ಮಾಡಲಿಲ್ಲ. “ಹೋಗು. ಹೋಗಿ ಏನ್ ಹೇಳ್ತಿ? ನನ್ನ ಗಂಡಗ ಕದ್ದು ಮದಿವಿ ಮಾಡ್ತಾರ ಅಂತಿಯೇನು? ಅರಸೀಕೆರಿ ಮಂದಿ ನಿನ್ನ ನೋಡ್ಯಾರ. ಬಾಗಳಿ ಮಂದಿ ನೋಡ್ಯಾರ. ಕುರ್ಚಿ ಮ್ಯಾಲ ಕುಂತು ಹುಡಿಗ್ಯಾರ್ನ ನಿಂದ್ರಿಸಿ, ಅಳಿಸಿ, ಕೊಡ ಹೊರಿಸಿ ನೋಡಿದಾಕಿ ನೀನು. ನಾ ಆ ಊರಿಗೆ ಕಾಲ ಇಟ್ಟಿಲ್ಲ. ಕೇಳಿದ್ದು ಯಾರ ಬಾಯಿ?”

ಭಾಗ್ಯ ಗಂಡನ ಕಡೆ ತಿರುಗಿದಳು. “ನೀವಾದ್ರೂ ಹೇಳ್ರಿ.”

“ಉಣ್ಣಾಕ ಬಿಡ್ತೀರೋ ಇಲ್ಲೋ?” ಅಂದ ಸೋಮಶೇಖರ್. ಬಹಳ ದಿನದ ಮೇಲೆ ಅವನ ದನಿ ಏರಿತ್ತು. ಏರಿದ್ದು ಅವಳ ಮೇಲೆ.

*

ಮರುದಿನ ಆರು ಗಂಟೆಯ ಬಸ್ಸಿಗೆ ಅವಳೇ ಹೋಗಿ ಹತ್ತಿದಳು, ಯಾರೂ ಕಳಿಸದೆ. ಹರಪನಹಳ್ಳಿಯಲ್ಲಿ ಅಣ್ಣ ಯರ್ರಿಸ್ವಾಮಿ ಅಂಗಡಿಗೆ ಹೊರಟಿದ್ದವನು, “ಏನವ್ವಾ ಇಷ್ಟು ಮುಂಜಾನೆ?” ಅಂದು, ಹೆಂಡತಿಯ ಮುಖ ನೋಡಿ, “ಕುಂತಿರು, ಬರ್ತೀನಿ” ಅಂತ ಹೋದ. ಮಧ್ಯಾಹ್ನದವರೆಗೂ ಬರಲಿಲ್ಲ.

ಅತ್ತಿಗೆ ಸೌಭಾಗ್ಯ ಕೆಟ್ಟವಳಲ್ಲ. ಉಪ್ಪಿಟ್ಟು ಮಾಡಿಕೊಟ್ಟಳು. ಎದುರಿಗೆ ಕುಂತು ಕೇಳತೊಡಗಿದಳು.

“ಒಬ್ರೇ ಬಂದ್ರೇನು? ಅವರಿಗೆ ಹೇಳಿ ಬಂದೀರಾ? ಬ್ಯಾಗು ತಂದಿಲ್ಲ?”

“ಇಲ್ಲ.”

“ಎಷ್ಟು ದಿನ ಇರ್ತೀರಿ?”

ಭಾಗ್ಯ ಉಪ್ಪಿಟ್ಟಿನಲ್ಲಿದ್ದ ಕರಿಬೇವನ್ನು ಬದಿಗೆ ಸರಿಸಿದಳು.

“ತಪ್ಪು ತಿಳೀಬ್ಯಾಡ್ರಿ, ಸುಮ್ನೆ ಕೇಳ್ದೆ” ಅಂದಳು ಸೌಭಾಗ್ಯ. ಲೋಟಕ್ಕೆ ನೀರು ಹಾಕಿ, “ಬಾಗಳಿಗೆ ಹೋಗಿದ್ರಂತೆ. ಆ ಹುಡುಗಿ ನಮ್ಮ ಚಿಕ್ಕಮ್ಮನ ಮಗಳು, ಗೊತ್ತಿತ್ತಾ?”

“ಇಲ್ಲ.”

“ನೀರು ತರಿಸಿದ್ರಂತೆ. ಒಂದು ಗುಟುಕೂ ಸರಿಯಾಗಿ ಕುಡೀಲಿಲ್ಲಂತೆ. ನಾನಂದೆ, ನಮ್ಮ ಭಾಗ್ಯಕ್ಕ ಅಂಥೋರಲ್ಲ ಅಂತ. ಅವರೇ ಅಂತ ಆಣೆ ಮಾಡಿ ಹೇಳಿದ್ರು.” ತಾಟು ಎತ್ತಿಕೊಂಡು ಎದ್ದಳು. “ಇನ್ನಷ್ಟು ಹಾಕ್ಲಾ? ಬ್ಯಾಡೇನು? ಕೊಟ್ಟೂರು ಬಸ್ಸು ನಾಲ್ಕಕ್ಕಿದೆ. ಅದು ತಪ್ಪಿದ್ರೆ ಮತ್ತೆ ಕಷ್ಟ.”

ಭಾಗ್ಯ ನಾಲ್ಕರ ಬಸ್ಸಿಗೆ ಬಂದಳು. ಕಟ್ಟೆಯ ಮೇಲೆ ಕುಂತಿದ್ದ ನಾಗಲಿಂಗಮ್ಮ ಎಲ್ಲಿಗೆ ಹೋಗಿದ್ದೆ ಅಂತ ಕೇಳಲಿಲ್ಲ. ಏನೂ ಕೇಳಲಿಲ್ಲ. “ಹಿಟ್ಟು ನಾದಿಟ್ಟೀನಿ, ಬಡಿ” ಅಂದಳು ಅಷ್ಟೇ.

*

ಉಡಿ ತುಂಬುವ ದಿನಕ್ಕೆ ಕೂಡ್ಲಿಗಿಯ ಪಡಸಾಲೆಯಲ್ಲಿ ಹೊಸ ಜಮಖಾನ ಹಾಸಿದ್ದರು. ಎರಡೂ ಊರಿನ ಹಿರಿಯರು ಗೋಡೆಗೆ ಒರಗಿ ಕುಂತಿದ್ದರು. ಸೋಮಶೇಖರ್ ಹೊಸ ಅಂಗಿ ಹಾಕಿಕೊಂಡು ಕಿಟಕಿಯ ಹತ್ತಿರ ಕುಂತು ಹೊರಗೆ ನೋಡುತ್ತಿದ್ದ. ಅರುಣಕುಮಾರ್ ಬಂದಿರಲಿಲ್ಲ, ಚಿತ್ರದುರ್ಗದಲ್ಲಿ ಯಾವುದೋ ಇಂಟರ್ವ್ಯೂ ಅಂತ ಹೇಳಿ ನಸುಕಿನಲ್ಲೇ ಎದ್ದು ಹೋಗಿದ್ದ. ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲದ ಅಚ್ಚು, ಅರಿಷಿಣದ ಕೊನೆ, ಮಡಚಿದ ಕುಪ್ಪಸದ ಕಣ. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿದರು.

“ಹೂಂ, ಭಾಗ್ಯ” ಅಂದಳು ನಾಗಲಿಂಗಮ್ಮ.

ಭಾಗ್ಯ ಹುಡುಗಿಯ ಎದುರು ಮೊಣಕಾಲೂರಿ ಕುಂತಳು. ಹತ್ತಿರದಿಂದ ನೋಡಿದರೆ ಮೂಗಿನ ಮೇಲೆ ಒಂದು ಮೊಡವೆ ಇತ್ತು, ಅದನ್ನು ಪೌಡರಿನಿಂದ ಮುಚ್ಚಿದ್ದರು. ಇಂಥ ಮುಖದ ಮೇಲೆ ಹಗೆ ಸಾಧಿಸುವುದು ಕಷ್ಟ ಅಂತ ಅವಳಿಗೆ ಅನಿಸಿತು. ಅದಕ್ಕೇ ಸಿಟ್ಟೂ ಬಂತು. ತಾಟಿಗೆ ಕೈ ಹಾಕದೆ ಕೇಳಿದಳು:

“ಒಂದು ಮಾತು ಉಳದೈತಿ.”

“ಈಗೆಂಥದು?” ಅಂದಳು ತಿಪ್ಪೇರುದ್ರಮ್ಮ.

“ಕೇಳ್ಲಿ ಬಿಡವಾ. ಹಿರೇಹೆಂಡ್ತಿ. ಕೇಳಾಕ ಹಕ್ಕೈತಿ” ಅಂದರು ಹಿರಿಯರಲ್ಲಿ ಒಬ್ಬರು, ಉದಾರವಾಗಿ.

ಭಾಗ್ಯ ದನಿ ತಗ್ಗಿಸಲಿಲ್ಲ, ಏರಿಸಲೂ ಇಲ್ಲ. “ಗೀತಾಂಜಲಿ, ನಿನಗ ಒಪ್ಪಿಗಿ ಐತೇನು?”

ಹುಡುಗಿ ತಲೆ ಎತ್ತಿದಳು. ಮೊದಲು ಅಪ್ಪನ ಕಡೆ, ಆಮೇಲೆ ತಿಪ್ಪೇರುದ್ರಮ್ಮನ ಕಡೆ, ಆಮೇಲೆ ಕಿಟಕಿಯ ಹತ್ತಿರ ಕುಂತ, ತನಗಿಂತ ಎರಡು ಪಟ್ಟು ವಯಸ್ಸಿನ ಗಂಡಸಿನ ಕಡೆ ನೋಡಿದಳು. ಯಾರ ಮುಖದಲ್ಲೂ ಉತ್ತರ ಇರಲಿಲ್ಲ. ಈ ಮಾತನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ತುಟಿ ಅಲುಗಿದವು. ಭಾಗ್ಯ ಮನಸ್ಸಿನಲ್ಲೇ ಅಂದಳು: ಇಲ್ಲ ಅನ್ನು. ಒಂದು ಸಲ ಅನ್ನು. ನಿನ್ನ ಹಿಂದೆ ನಾನೂ ಅಂತೀನಿ.

ಹುಡುಗಿಗೆ ಏನೋ ಹೊಳೆದ ಹಾಗಾಯಿತು. ಯಾರೂ ಕೇಳದೆ ಉಳಿದಿದ್ದ, ಬಾಯಿಪಾಠ ಮಾಡಿ ಮಾಡಿ ತೇಯ್ದಿದ್ದ ಐದನೇ ಉತ್ತರ.

“ಅಕ್ಕಾರು ಹೇಳ್ದಂಗ ಕೇಳ್ತೀನ್ರಿ” ಅಂದಳು.

“ಭಲೇ!” ಅಂದರು ಹಿರಿಯರು. “ನೋಡ್ರಿ, ಸವತಿ ಅಂದ್ರ ಹಿಂಗಿರ್ಬೇಕು. ಎಲ್ಲಾ ಆಕಿ ಕೈಯಾಗ ಇಟ್ಬಿಟ್ಲು!”

ನಾಗಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನೀರು ನಿಜವಾಗಿ ಬಂದಿತ್ತು. “ಕೇಳ್ದಿಲ್ಲವ್ವಾ ಭಾಗ್ಯ? ಇನ್ನ ನೀ ಹೇಳಿದ್ದ ಮಾತು. ಹೇಳು” ಅಂದಳು.

ಎಲ್ಲರೂ ಭಾಗ್ಯಳ ಬಾಯಿ ನೋಡುತ್ತಿದ್ದರು. ಅವಳಿಗೆ ಈಗ ಕುರ್ಚಿ ಇರಲಿಲ್ಲ. ಅರಸೀಕೆರೆಯ ಹುಡುಗಿಗೆ ಕಂಡ ನೆಲವೇ ಅವಳಿಗೂ ಕಂಡಿತು, ಹೊಸ ಜಮಖಾನದ ಕೆಂಪು ನೀಲಿ ಗೆರೆಗಳು. ಅವಳ ಮಾತಿಗೆ ಕಾಯದೆ ತಿಪ್ಪೇರುದ್ರಮ್ಮ ಆಗಲೇ ತಾಟನ್ನು ಅವಳ ಮೊಣಕಾಲಿಗೆ ತಾಗುವಷ್ಟು ಮುಂದೆ ಸರಿಸಿದ್ದಳು.

ಭಾಗ್ಯ ಮೊದಲ ಬೊಗಸೆ ಅಕ್ಕಿ ತೆಗೆದಳು. ಹುಡುಗಿಯ ಸೆರಗು ಕುಗ್ಗಿತು, ಕಾಳು ಜಮಖಾನದ ಮೇಲೆ ಚೆಲ್ಲಿತು.

“ಅಗಲ ಹಿಡಿ” ಅಂದಳು ಭಾಗ್ಯ. “ಚೆಲ್ತತಿ.”

ಹುಡುಗಿ ಹೇಳಿದಂತೆ ಕೇಳಿದಳು. ಎರಡನೇ ಬೊಗಸೆ ಬಿತ್ತು. ಮೂರನೆಯದು. ನಾಲ್ಕನೆಯದಕ್ಕೆ ಭಾಗ್ಯಳ ಬಳೆಯೊಂದು ಹುಡುಗಿಯ ಬಳೆಗೆ ಸಿಕ್ಕಿಕೊಂಡಿತು, ಅವಳೇ ಬಿಡಿಸಿಕೊಂಡಳು. ಐದನೆಯದನ್ನು ಹಾಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲ, ಅರಿಷಿಣದ ಕೊನೆ, ಕುಪ್ಪಸದ ಕಣ ಒಂದೊಂದಾಗಿ ಇಟ್ಟು, ಸೆರಗಿನ ಎರಡೂ ತುದಿ ಸೇರಿಸಿ, ಏನೂ ಉದುರದ ಹಾಗೆ ಹುಡುಗಿಯ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು.